ಸಾಹೇಬರ ಕಿಟಕಿಯ ಕೋಟೆ

ಮಾನ್ಯ ಓದುಗರಲ್ಲಿ ಸವಿನಯ ವಿಜ್ಞಾಪನೆ. ಈ ಬರಹವು ನನ್ನ ಮೊದಲನೆಯದು. ವೃತ್ತಿಯಿಂದ ನಾನು ಬೆರಳಚ್ಚುಗಾರನಾಗಿದ್ದು, ಸೇವಾವಧಿಯುದ್ದಕ್ಕೂ ಇಂಗ್ಲಿಷ್ ಪತ್ರಗಳನ್ನು ಮಾತ್ರ ಸಿದ್ಧಪಡಿಸಿದವನಾದ ಕಾರಣ, ಕನ್ನಡದ ಒತ್ತಕ್ಷರಗಳೂ ಮಹಾಪ್ರಾಣಗಳೂ ಅಲ್ಲಲ್ಲಿ ಕೈತಪ್ಪಿರುವ ಸಾಧ್ಯತೆ ಇದೆ. ನನ್ನ ಅಕ್ಷರವೂ ದುಂಡಗಿಲ್ಲ. ಈ ಹಸ್ತಪ್ರತಿಯನ್ನು ಅಚ್ಚಿಗೆ ಜೋಡಿಸುವವರಲ್ಲಿ ಮೊದಲಿಗೆ, ಓದುವವರಲ್ಲಿ ಅನಂತರ, ಕ್ಷಮೆ ಕೋರಿ ವಿಷಯಕ್ಕೆ ಬರುತ್ತೇನೆ.

ಸಾಹೇಬರು ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತುವ ಮೊದಲು ತಲೆ ಬಾಚಿಕೊಳ್ಳುತ್ತಿದ್ದರು. ಗುರುವಾರ ಮಧ್ಯಾಹ್ನ ಕಚೇರಿ ಖಾಲಿಯಾದ ಬಳಿಕ, ಫೈಲಿನ ಕಪಾಟಿನ ಗಾಜಿನಲ್ಲಿ ಮುಖ ನೋಡಿಕೊಂಡು, ನರೆತ ಕೂದಲನ್ನು ಹಿಂದಕ್ಕೆ ಎಳೆದು, ಅಂಗಿಯ ಕೊರಳ ಗುಂಡಿ ಹಾಕಿ, ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡು, ಸೀಲಿನ ಶಾಯಿಯಿಂದ ಸದಾ ನೇರಳೆಯಾಗಿರುತ್ತಿದ್ದ ಬಲಗೈ ಹೆಬ್ಬೆರಳಿನಿಂದ ಆ ಗುಂಡಿಯನ್ನು ಒತ್ತುತ್ತಿದ್ದರು. ಅವರ ಶ್ರೀಮತಿಯವರು ಊರಿನಲ್ಲಿದ್ದರು. ಸಾಹೇಬರ ಧ್ವನಿಯನ್ನು ತುಂಬಿಕೊಂಡ ಆ ಕ್ಯಾಸೆಟ್ಟು, ರಜೆಯ ಮೇಲೆ ಹೋಗುವ ಯಾರಾದರೊಬ್ಬರ ಪೆಟ್ಟಿಗೆಯಲ್ಲಿ ಕಂಬಳಿಯ ಮಡಿಕೆಯೊಳಗೆ ಕುಳಿತು, ಉಳ್ಳಾಲದ ಹತ್ತಿರದ ಅವರ ಮನೆಯನ್ನು ತಲುಪುತ್ತಿತ್ತು. ಕ್ಯಾಸೆಟ್ಟಿನ ಒಂದು ಬದಿ ಸಾಹೇಬರದು. ಇನ್ನೊಂದು ಬದಿಯಲ್ಲಿ ಶ್ರೀಮತಿಯವರ ಉತ್ತರ ತುಂಬಿ ಹಿಂದಿರುಗುತ್ತಿತ್ತು.

"ಕೇಳೋರಿಗೆ ಮುಖ ಕಾಣಲ್ವಲ್ಲ ಸಾಹೇಬ್ರೇ, ಯಾಕೆ ಬಾಚ್ಕೋತೀರ?" ಎಂದು ನಾನು ಒಮ್ಮೆ ಕೇಳಿದ್ದೆ.

"ತಲೆ ಕೆದರಿಕೊಂಡು ಮಾತಾಡಿದ್ರೆ ಸ್ವರದಲ್ಲಿ ಗೊತ್ತಾಗ್ತದೆ ಮಾರಾಯ್ರೆ. ಅವಳಿಗೆ ಕಿವಿ ಜಾಸ್ತಿ."

ತೊಂಬತ್ತರ ದಶಕದ ಆರಂಭದಲ್ಲಿ, ಕುವೈತಿನ ಯುದ್ಧ ಮುಗಿದ ಕೆಲವೇ ತಿಂಗಳಿಗೆ, ನಾನು ಮೈಸೂರಿನಿಂದ ದೋಹಾಕ್ಕೆ ಬಂದು ಅಲ್ ಸದ್ದ್‌ನಲ್ಲಿದ್ದ ಒಂದು ಕಟ್ಟಡ ವಿನ್ಯಾಸದ ಕಚೇರಿಗೆ ಸೇರಿದೆ. ಸಾಹೇಬರು ಅಲ್ಲಿ ಮಂದೂಬ್ ಆಗಿದ್ದರು. ಅಂದರೆ, ಸರ್ಕಾರಿ ಕಚೇರಿಗಳಿಗೆ ಓಡಾಡಿ ನಮ್ಮೆಲ್ಲರ ವೀಸಾ, ವಾಸದ ಪರವಾನಗಿ, ದೇಶ ಬಿಟ್ಟು ಹೊರಡಲು ಬೇಕಾದ ಅನುಮತಿ ಇವೆಲ್ಲವನ್ನೂ ಮಾಡಿಸಿ ತರುವ ಅಧಿಕಾರ ಪಡೆದವರು. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಯಾರ್ಯಾರದೋ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು ಇರುತ್ತಿದ್ದವು. ಮನೆಯಲ್ಲಿ ಬ್ಯಾರಿ ಭಾಷೆ, ಕಚೇರಿಗಳಲ್ಲಿ ಅರಬ್ಬಿ, ನನ್ನೊಡನೆ ಕರಾವಳಿಯ ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಕನ್ನಡ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾವು ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ.

ಪತ್ರ ಬರೆಯುವುದನ್ನು ನನಗೆ ಕಲಿಸಿದವರು ಅವರು. ಬಂದ ಹೊಸತರಲ್ಲಿ, ಪತ್ನಿಯನ್ನು ಕರೆಸಿಕೊಳ್ಳುವ ವೀಸಾಕ್ಕಾಗಿ ನಾನು ಮ್ಯಾನೇಜರಿಗೆ ಒಂದು ಅರ್ಜಿ ಸಿದ್ಧಪಡಿಸಿದೆ. ಅದರಲ್ಲಿ ವೀಸಾ, ವಾಸದ ಮನೆ ಮತ್ತು ನನ್ನ ಕುರ್ಚಿಯ ಮುರಿದ ಕೈ, ಈ ಮೂರು ವಿಷಯಗಳನ್ನೂ ವಿನಯಪೂರ್ವಕವಾಗಿ ಪ್ರಸ್ತಾಪಿಸಿದ್ದೆ. ಸಾಹೇಬರು ಓದಿ, ಮಡಿಸಿ, ಕಸದ ಬುಟ್ಟಿಗೆ ಹಾಕಿದರು.

"ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ ಇರ್ಬೇಕು. ಉಳಿದದ್ದೆಲ್ಲ ಸಲಾಮು. ನೀವು ಮೂರು ಕೇಳಿದ್ರೆ ಮ್ಯಾನೇಜರು ಕುರ್ಚಿ ಕೊಟ್ಟು ಖಲಾಸ್ ಅಂತಾನೆ. ನಿಮಗೆ ಹೆಂಡತಿ ಬೇಕಾ, ಕುರ್ಚಿ ಬೇಕಾ?"

ನಾನು ಪತ್ನಿಯನ್ನು ಆಯ್ಕೆ ಮಾಡಿದೆ. ಅವಳು ಬಂದಳು. ಮುರಿದ ಕುರ್ಚಿಯಲ್ಲಿ ಕುಳಿತೇ ನಾನು ಅನೇಕ ವರ್ಷ ಕೆಲಸ ಮಾಡಿದೆ.

ಇನ್ನು ಕೋಟೆಯ ವಿಷಯ. ನಮ್ಮ ಕೊಠಡಿಯ ಗೋಡೆಯ ಮೇಲೆ ಒಂದು ಹಡಗು ಏಜೆನ್ಸಿಯವರು ಕೊಟ್ಟ ಕ್ಯಾಲೆಂಡರು ಇತ್ತು. ಅದರ ಒಂದು ಹಾಳೆಯಲ್ಲಿ, ಕೆಳಗೆ ನೀಲಿ ಸಮುದ್ರ, ಮೇಲೆ ಬೆಟ್ಟದ ನೆತ್ತಿಯಲ್ಲಿ ಕಪ್ಪು ಕಲ್ಲಿನ ಭಾರೀ ಕೋಟೆ. ನಮ್ಮೊಡನೆ ಕೆಲಸ ಮಾಡುತ್ತಿದ್ದ ಸಿರಿಯಾದ ಇಂಜಿನಿಯರರ ಹುಟ್ಟೂರು ಆ ಬೆಟ್ಟದ ಬುಡದಲ್ಲಿಯೇ ಇತ್ತಂತೆ. ಯುರೋಪಿನಿಂದ ಧರ್ಮಯುದ್ಧಕ್ಕೆಂದು ಬಂದ ಕ್ರೈಸ್ತ ಸೈನಿಕರು ಸುಮಾರು ಎಂಟುನೂರು ವರ್ಷಗಳ ಹಿಂದೆ ಅಲ್ಲಿ ನೆಲೆಸಿದ್ದರೆಂದೂ, ಈಗ ಅಲ್ಲಿ ಆಡುಗಳು ಮೇಯುತ್ತವೆಂದೂ ಅವರು ಚಹಾ ಕುಡಿಯುತ್ತ ಹೇಳುತ್ತಿದ್ದರು. ವರ್ಷ ಮುಗಿದಾಗ ಸಾಹೇಬರು ತಾರೀಖುಗಳ ಭಾಗವನ್ನು ಕತ್ತರಿಸಿ ಬಿಸಾಡಿ, ಚಿತ್ರವನ್ನು ಮಾತ್ರ ಅದೇ ಮೊಳೆಗೆ ಸಿಕ್ಕಿಸಿದರು.

ಅವರು ಬ್ಯಾರಿ ಭಾಷೆಯಲ್ಲಿ ಧ್ವನಿಮುದ್ರಣ ಮಾಡುವಾಗ ನನಗೆ ಹೆಚ್ಚೇನೂ ಅರ್ಥವಾಗುತ್ತಿರಲಿಲ್ಲ. ಆದರೆ ಕೋಟೆ ಎಂಬ ಪದ ಆ ಭಾಷೆಯ ನಡುವೆಯೂ ಕಿವಿಗೆ ಬೀಳುತ್ತಿತ್ತು. ಒಂದು ಗುರುವಾರ ನಾನು ಕೇಳಿಯೇಬಿಟ್ಟೆ. "ಸಾಹೇಬ್ರೇ, ಆಗ್ಲಿಂದ ಕೋಟೆ ಕೋಟೆ ಅಂತಿದ್ದೀರಲ್ಲ, ಯಾವ್ ಕೋಟೆ?"

ಅವರು ಗದ್ದವೆತ್ತಿ ಗೋಡೆಯ ಕಡೆ ತೋರಿಸಿದರು. ಅನಂತರ ಬಾಗಿಲು ಹಾಕಿದೆಯೇ ಎಂದು ನೋಡಿ, ತಗ್ಗಿದ ದನಿಯಲ್ಲಿ ವಿವರಿಸಿದರು. ಬಹಳ ಹಿಂದೆ ಶ್ರೀಮತಿಯವರು ಒಂದು ಕ್ಯಾಸೆಟ್ಟಿನಲ್ಲಿ, ನೀವು ಬೆಳಿಗ್ಗೆ ಕಿಟಕಿ ತೆಗೆದರೆ ಏನು ಕಾಣುತ್ತದೆ, ಎಂದು ಕೇಳಿದ್ದರಂತೆ. ಸಾಹೇಬರು ಇನ್ನೂ ಹಲವರೊಡನೆ ಹಂಚಿಕೊಂಡಿದ್ದ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದುದು ಪಕ್ಕದ ಕಟ್ಟಡದ ಏಸಿಗಳ ಹಿಂಭಾಗ ಮತ್ತು ಪಾರಿವಾಳದ ಹಿಕ್ಕೆ. (ಹಿಂಭಾಗ ಎಂಬುದು ನನ್ನ ಪದ. ಸಾಹೇಬರು ಬಳಸಿದ್ದು ಬೇರೆ.)

"ಅದನ್ನು ಅವಳಿಗೆ ಹೇಳುದು ಹೇಗೆ ಮಾರಾಯ್ರೆ? ಇದು ಎದುರಿಗೆ ಕಾಣ್ತಾ ಇತ್ತು. ಇದನ್ನೇ ಹೇಳಿದೆ. ಒಂದು ಸಲ ಹೇಳಿದ ಮೇಲೆ, ಇವತ್ತು ಕೋಟೆ ಹೇಗುಂಟು ಅಂತ ಅವಳು ಪ್ರತಿ ಸಲ ಕೇಳ್ತಾಳೆ. ಎಂತಾದ್ರೂ ಹೇಳ್ಬೇಕಲ್ಲ?"

ಹೀಗೆ ಆ ಕೋಟೆ ಬೆಳೆಯಿತು. ಇಂಜಿನಿಯರರು ಆಡು ಎಂದರೆ ಮುಂದಿನ ಕ್ಯಾಸೆಟ್ಟಿನಲ್ಲಿ ಆಡುಗಳು ಮೇಯುತ್ತಿದ್ದವು. ಸಮುದ್ರಕ್ಕೆ ಇಳಿಯುವ ಮೆಟ್ಟಿಲುಗಳನ್ನು ಸಾಹೇಬರೇ ಕಟ್ಟಿಸಿದರು. ಸಂಜೆ ಆ ಮೆಟ್ಟಿಲಲ್ಲಿ ಕುಳಿತು ತಾವು ಚಹಾ ಕುಡಿಯುವುದಾಗಿ ತಿಳಿಸಿದರು. ಮಗಳ ಮದುವೆಯ ಮಾತುಕತೆಯಲ್ಲಿ, ಹುಡುಗಿಯ ತಂದೆ ಕೋಟೆಯ ಎದುರು ವಾಸವಿದ್ದಾರೆ ಎಂಬ ಸಂಗತಿ ಬೀಗರ ಕಡೆಯವರಿಗೂ ತಲುಪಿತ್ತಂತೆ.

ಅವರ ರಜೆಗಳೆಲ್ಲ ಊರಿನಲ್ಲಿಯೇ ಕಳೆಯುತ್ತಿದ್ದುದರಿಂದ ಇದು ಹೀಗೆಯೇ ಮುಂದುವರಿಯಬಹುದಿತ್ತು. ಆದರೆ ನಿವೃತ್ತಿ ಹತ್ತಿರವಾದಾಗ, ಎಷ್ಟೋ ಜನರ ಹೆಂಡಿರಿಗೆ ವೀಸಾ ಮಾಡಿಸಿಕೊಟ್ಟ ಸಾಹೇಬರಿಗೆ, ತಮ್ಮ ಹೆಂಡತಿಗೂ ಒಮ್ಮೆ ಕತಾರನ್ನು ತೋರಿಸಬೇಕೆಂಬ ಆಸೆ ಹುಟ್ಟಿತು. ಒಂದು ಚಳಿಗಾಲ ಶ್ರೀಮತಿಯವರು ಭೇಟಿಯ ವೀಸಾದ ಮೇಲೆ ಬಂದಿಳಿದರು. ಎತ್ತರದ, ಮಾತು ಕಡಿಮೆಯ ಹೆಂಗಸು. ನಾನು ಅವರನ್ನು ಅಕ್ಕ ಎಂದು ಕರೆದೆ. ಸ್ನೇಹಿತರೊಬ್ಬರ ಮನೆಯ ಒಂದು ಕೋಣೆಯಲ್ಲಿ ಇಬ್ಬರೂ ಉಳಿದುಕೊಂಡರು. ಮರುದಿನ ಕಚೇರಿಗೆ ಬಂದ ಸಾಹೇಬರು ತಲೆ ಬಾಚಿರಲಿಲ್ಲ.

"ಬೆಳಿಗ್ಗೆ ಎದ್ದು ಮೊದಲು ಕಿಟಕಿಯ ಪರದೆ ಸರಿಸಿದ್ಲು ಮಾರಾಯ್ರೆ. ಕೋಟೆ ಎಲ್ಲಿ ಅಂತ ಕೇಳಿದ್ಲು. ಮನೆ ಬದಲಾಯ್ಸಿದೆ ಅಂದೆ. ಹಾಗಾದ್ರೆ ಹಳೇ ಮನೆಯ ಕಡೆ ಕರ್ಕೊಂಡು ಹೋಗಿ ಅಂತಾಳೆ. ಎಂತ ಮಾಡುದು?"

"ನಿಜ ಹೇಳ್ಬಿಡಿ ಸಾಹೇಬ್ರೇ."

"ಎಲ್ಲರ ಅರ್ಜಿಯಲ್ಲೂ ನಿಜವನ್ನೇ ಬರ್ದು ಬರ್ದು ನಿಮಗೆ ಅದೊಂದೇ ಗೊತ್ತು," ಎಂದು ಅವರು ರೇಗಿದರು. ಅನಂತರ ಮೃದುವಾಗಿ, "ದುಖಾನಿನಲ್ಲಿ ಸಮುದ್ರ ಉಂಟು, ಕೋಟೆ ಇಲ್ಲ. ಜುಬಾರಾದಲ್ಲಿ ಒಂದು ಕೋಟೆ ಉಂಟಲ್ಲ? ಸಮುದ್ರವೂ ಹತ್ತಿರ. ನಿಮ್ಮ ಕಾರಲ್ಲಿ ಹೋಗಿ ಬರುವಾ," ಎಂದರು.

ಆ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ನಾವು ನಾಲ್ವರೂ ಅಲ್ ರಯ್ಯಾನಿನ ನನ್ನ ಮನೆಯಿಂದ ಹೊರಟೆವು. ಮುಂದಿನ ಸೀಟಿನಲ್ಲಿ ಸಾಹೇಬರು, ಹಿಂದೆ ಅಕ್ಕ ಮತ್ತು ನನ್ನ ಪತ್ನಿ. ನಾವು ಸಸ್ಯಾಹಾರಿಗಳೆಂದು ತಿಳಿದು ಅಕ್ಕ ಪತ್ತಿರಿ ಎಂಬ ಅಕ್ಕಿಹಿಟ್ಟಿನ ತೆಳು ರೊಟ್ಟಿ ಮತ್ತು ಕಾಯಿಚಟ್ನಿ ತಂದಿದ್ದರು. "ಹೊಸ ಪಾತ್ರೆಯಲ್ಲೇ ಮಾಡಿದ್ದು, ನೀವು ಧೈರ್ಯವಾಗಿ ತಿನ್ನಿ," ಎಂದು ಅವರು ನನ್ನ ಪತ್ನಿಗೆ ಹೇಳಿದ್ದು ಈಗಲೂ ನೆನಪಿದೆ. ಅದಕ್ಕೆ ಅವಳು, "ಹಳೇ ಪಾತ್ರೇಲಿ ಮಾಡಿದ್ರೂ ತಿಂತಿದ್ವಿ ಅಕ್ಕ," ಎಂದಳು. ದಾರಿಯುದ್ದಕ್ಕೂ ಸಾಹೇಬರು ಏಲಕ್ಕಿ ಅಗಿಯುತ್ತಲೇ ಇದ್ದರು.

ಕತಾರಿನ ವಾಯವ್ಯ ಮೂಲೆಯಲ್ಲಿರುವ ಆ ಕೋಟೆ ಅಂಗೈಯಂಥ ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ಚೌಕಾಕಾರ, ಮೂಲೆಗಳಲ್ಲಿ ಬುರುಜುಗಳು, ಗೋಡೆಗೆ ಮರಳಿನ ಬಣ್ಣದ ಗಾರೆ. ನೋಡಲು ಚೆಂದವಾದ, ಅಚ್ಚುಕಟ್ಟಾದ ಕಟ್ಟಡ. ಅದು ತೀರಾ ಹಳೆಯದೂ ಅಲ್ಲವೆಂದು ಅನಂತರ ತಿಳಿಯಿತು. ಅಕ್ಕ ಕಾರಿನಿಂದಿಳಿದು, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಒಂದು ಸುತ್ತು ಬಂದರು. ಒಂದು ಕಡೆ ಅಂಗೈಯಿಂದ ಗಾರೆಯನ್ನು ಸವರಿ ನೋಡಿದರು.

"ನೀವು ಕಪ್ಪು ಕಲ್ಲು ಅಂದದ್ದಲ್ವಾ?"

"ಬಣ್ಣ ಹೊಡ್ದಿದ್ದಾರೆ," ಎಂದರು ಸಾಹೇಬರು.

"ಇಡೀ ಕೋಟೆಗಾ?"

"ಸರ್ಕಾರದವರಲ್ವಾ. ಹಣ ಉಂಟು."

"ಬೆಟ್ಟ?"

ಸಾಹೇಬರು ಬೆಟ್ಟವನ್ನು ಹುಡುಕುವವರಂತೆ ಸುತ್ತಲೂ ನೋಡಿದರು. ಕಣ್ಣು ಹಾಯುವಷ್ಟು ದೂರ ನೆಲ ಸಮತಟ್ಟಾಗಿತ್ತು. ಅಕ್ಕ ಪಶ್ಚಿಮಕ್ಕೆ ತಿರುಗಿದರು. ಸಮುದ್ರ ದೂರದಲ್ಲಿ ಒಂದು ತೆಳುವಾದ ಗೆರೆಯಾಗಿ ಹೊಳೆಯುತ್ತಿತ್ತು.

"ಮೆಟ್ಟಿಲು ಇಳಿದ್ರೆ ಸಮುದ್ರ ಅಂದಿದ್ರಿ."

"ಈಗ ನೀರಿನ ಇಳಿತ ಉಂಟು."

"ಇಷ್ಟು ದೂರ ಇಳಿತವಾ? ನಾನು ಉಳ್ಳಾಲದಲ್ಲಿ ಹುಟ್ಟಿದವಳು."

ನನ್ನ ಪತ್ನಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ಆದರೆ ಅಕ್ಕ ನಗಲಿಲ್ಲ. ಸಾಹೇಬರು ಅಂಗಿಯ ಜೇಬಿಗೆ ಕೈಹಾಕಿ, ಭಾವಚಿತ್ರಗಳ ಹಿಂದಿನಿಂದ, ಮಡಿಸಿಟ್ಟಿದ್ದ ಆ ಕ್ಯಾಲೆಂಡರಿನ ಹಾಳೆಯನ್ನು ತೆಗೆದು ಅವರಿಗೆ ಕೊಟ್ಟರು. ಅಂದು ಬೆಳಿಗ್ಗೆ ಅದನ್ನು ಮೊಳೆಯಿಂದ ಬಿಡಿಸಿ ತಂದಿದ್ದರೆಂದು ನನಗೆ ಆಗ ಗೊತ್ತಾಯಿತು. ಗಾಳಿಗೆ ಹಾರದಂತೆ ಎರಡೂ ಕೈಗಳಿಂದ ಹಿಡಿದು ಅಕ್ಕ ಅದನ್ನು ಬಹಳ ಹೊತ್ತು ನೋಡಿದರು. ಸಾಹೇಬರು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಅದು ಚಿಕ್ಕ ಮಾತು. ಅಕ್ಕ ಉತ್ತರಿಸಿದ್ದು ಕನ್ನಡದಲ್ಲಿ. ನಮಗೂ ಕೇಳಲಿ ಎಂದೇ ಇರಬೇಕು.

"ಕೋಟೆ ಸುಳ್ಳಾದ್ರೆ, ಹೊಟ್ಟೆತುಂಬ ಊಟ ಮಾಡ್ತೇನೆ ಅಂತ ಹೇಳಿದ್ದು? ಜ್ವರ ಬಂದದ್ದು ಎರಡೇ ದಿನದಲ್ಲಿ ಬಿಟ್ಟಿತು ಅಂದದ್ದು? ಕೋಣೆಯಲ್ಲಿ ಗಾಳಿ ಬೆಳಕು ಉಂಟು ಅಂದದ್ದು? ನನ್ನ ಹತ್ತಿರ ಇದ್ದದ್ದು ನಿಮ್ಮ ಸ್ವರ ಒಂದೇ. ಅದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?"

ಅರಬ್ಬಿ ಅಧಿಕಾರಿಗಳ ಎದುರು ಎಂದೂ ಮಾತು ಸೋಲದ ಮನುಷ್ಯ ಕಾರಿನ ಕಡೆ ನಡೆದು ಅಕ್ಕನಿಗಾಗಿ ಬಾಗಿಲು ತೆರೆದು ಹಿಡಿದರು. ಪತ್ತಿರಿಯನ್ನು ನಾವು ಕಾರಿನಲ್ಲಿಯೇ ತಿಂದೆವು. ಅಕ್ಕ ಎಲ್ಲರಿಗೂ ಬಡಿಸಿದರು. ಸಾಹೇಬರಿಗೂ ಬಡಿಸಿದರು, ಆದರೆ ಇನ್ನೊಂದು ಹಾಕಲೇ ಎಂದು ಅವರನ್ನು ಮಾತ್ರ ಕೇಳಲಿಲ್ಲ.

ಮುಂದಿನ ದಿನಗಳಲ್ಲಿ ನಡೆದದ್ದನ್ನು ಸಾಹೇಬರು ನನಗೆ ಕಚೇರಿಯಲ್ಲಿ ವರದಿ ಮಾಡುತ್ತಿದ್ದರು. ಅಕ್ಕ ಜಗಳವಾಡಲಿಲ್ಲ. ಪ್ರತಿ ಸಂಜೆ ಒಂದೊಂದು ಪ್ರಶ್ನೆ ಕೇಳುತ್ತಿದ್ದರಂತೆ. ಆ ಜ್ವರ ನಿಜವಾಗಿ ಎಷ್ಟು ದಿನ ಇತ್ತು? ಆಗ ಗಂಜಿ ಯಾರು ಮಾಡಿಕೊಟ್ಟರು? ಮಗಳ ಮದುವೆಗೆ ಬರಲಾಗದಿದ್ದಾಗ ಕೆಲಸ ಹೆಚ್ಚು ಅಂದಿರಲ್ಲ, ಕಾರಣ ಅದೇ ಆಗಿತ್ತೇ? ಸಾಹೇಬರು ಒಂದೊಂದಕ್ಕೂ ಇದ್ದದ್ದನ್ನು ಇದ್ದಂತೆ ಹೇಳಿದರು. ಹಂಚಿಕೊಂಡಿದ್ದ ಕೋಣೆಯನ್ನೂ, ಏಸಿಗಳ ಹಿಂಭಾಗವನ್ನೂ ಕರೆದೊಯ್ದು ತೋರಿಸಿದರು. ಪಾರಿವಾಳ ಗೂಡು ಕಟ್ಟಿದ್ದನ್ನು ನೋಡಿ ಅಕ್ಕ, "ಇದನ್ನೇ ಹೇಳಿದ್ರೆ ಆಗ್ತಿತ್ತು. ನಾನು ಪಾರಿವಾಳದ್ದೇ ಕೇಳ್ತಿದ್ದೆ," ಎಂದರಂತೆ.

"ಇನ್ನೂ ಕೋಪ ಇದೆಯಾ ಸಾಹೇಬ್ರೇ?"

"ಕೋಪ ಅಲ್ಲ ಅದು. ಆಡಿಟ್ಟು. ಮುಗಿಯುವವರೆಗೆ ಉಸಿರೆತ್ತುವ ಹಾಗಿಲ್ಲ."

ವೀಸಾದ ಅವಧಿ ಮುಗಿದು ಅಕ್ಕ ಊರಿಗೆ ಹೊರಡುವ ಮುನ್ನ, ತಾವಾಗಿಯೇ ನಮ್ಮ ಕಚೇರಿ ನೋಡಬೇಕೆಂದು ಬಂದರು. ಕ್ಯಾಸೆಟ್ಟು ತುಂಬುತ್ತಿದ್ದ ಮೇಜು, ಮುಖ ನೋಡಿಕೊಳ್ಳುತ್ತಿದ್ದ ಗಾಜು, ಚಿತ್ರವಿಲ್ಲದ ಬರಿಯ ಮೊಳೆ, ಎಲ್ಲವನ್ನೂ ನೋಡಿದರು. ಸಾಹೇಬರು ಗಡಿಬಿಡಿಯಿಂದ, ಊರಿಗೆ ಏನೇನು ಕೊಂಡುಕೊಡಲಿ, ಹೊಸ ಕಂಬಳಿಯೋ, ಮಿಕ್ಸಿಯೋ, ಎಂದು ಕೇಳಿದರು. ಅಕ್ಕ ತಮ್ಮ ಕೈಚೀಲದಿಂದ ಆ ಹಾಳೆಯನ್ನು ತೆಗೆದು ಮತ್ತೆ ಅದೇ ಮೊಳೆಗೆ ಸಿಕ್ಕಿಸಿ, ಚಿತ್ರದ ಕೋಟೆಯ ಮೇಲೆ ಬೆರಳಿಟ್ಟರು.

"ನನ್ನನ್ನು ಇಲ್ಲಿಗೆ ಕರ್ಕೊಂಡು ಹೋಗಿ. ಬೇರೆ ಎಂತದೂ ಬೇಡ."

ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ ಮೇಲೆ ಸಾಹೇಬರು ನನ್ನ ಮೇಜಿನ ಅಂಚಿನಲ್ಲಿ ಕುಳಿತು, ತುಸು ಹೆಮ್ಮೆಯಿಂದಲೇ ಹೇಳಿದರು: "ಅರ್ಜಿ ಸರಿಯಾಗಿ ಹಾಕಿದ್ದಾಳೆ ಮಾರಾಯ್ರೆ. ಒಂದೇ ಬೇಡಿಕೆ."

ಗಲ್ಫಿನಲ್ಲಿ ದುಡಿದವರಿಗೆ ತಿಳಿದಿರುವಂತೆ, ನಮ್ಮ ರಜೆಯೆಂದರೆ ಊರು, ಊರೆಂದರೆ ರಜೆ. ನೋಡಲು ಚೆಂದವೆಂದು ಮೂರನೆಯ ದೇಶಕ್ಕೆ ಹೋಗುವುದು ನಮ್ಮಲ್ಲಿ ಯಾರೂ ಮಾಡುತ್ತಿರಲಿಲ್ಲ. ಹಾಗಾಗಿ ಸಾಹೇಬರು ನಿವೃತ್ತರಾಗುವಾಗ ನನ್ನಿಂದ ಬೆರಳಚ್ಚು ಮಾಡಿಸಿದ ಪತ್ರ ಇಡೀ ಕಚೇರಿಯಲ್ಲಿ ಮಾತಾಯಿತು. ಅಕ್ಕನಿಗೆ ಮತ್ತೊಮ್ಮೆ ಭೇಟಿಯ ವೀಸಾ ಮಾಡಿಸಿ, ಇಬ್ಬರೂ ದೋಹಾದಿಂದ ದಮಾಸ್ಕಸ್‌ಗೆ ಹೋಗಿ ಅಲ್ಲಿಂದ ಊರಿಗೆ ಹೊರಡುವುದೆಂದು ಅದರಲ್ಲಿತ್ತು. ಸಹೋದ್ಯೋಗಿಗಳು ಮೂವರು ಊಟದ ಡಬ್ಬಿಗಳೊಡನೆ ನನ್ನ ಮೇಜಿನ ಸುತ್ತ ಸೇರಿ, ಸಾಹೇಬರಿಗೆ ಅರಳುಮರುಳೇ ಎಂದು ಚರ್ಚಿಸಿದರು. ಸಿರಿಯಾದ ಇಂಜಿನಿಯರರು ಮಾತ್ರ ಮೇಜು ಕುಟ್ಟಿ ಸಂತೋಷಪಟ್ಟು ತಮ್ಮ ಅಣ್ಣನಿಗೆ ಫೋನು ಮಾಡಿದರು. ನಿರ್ಗಮನದ ಅನುಮತಿಗೆ ಹೋದಾಗ ಅಲ್ಲಿನ ಅಧಿಕಾರಿ, ಸಾಹೇಬರ ಹಳೆಯ ಪರಿಚಯದವರು, "ಎಲ್ಲರನ್ನೂ ಊರಿಗೆ ಕಳಿಸಿದೆ, ನೀನು ಎಲ್ಲಿಗೆ ಹೊರಟೆ?" ಎಂದು ನಕ್ಕರಂತೆ. "ನನ್ನ ಕಿಟಕಿ ನೋಡ್ಲಿಕ್ಕೆ ಅಂತ ಹೇಳಿದೆ. ಅವನಿಗೆ ಅರ್ಥ ಆಗ್ಲಿಲ್ಲ. ಸೀಲು ಹೊಡೆದ," ಎಂದು ಸಾಹೇಬರು ನನಗೆ ತಿಳಿಸಿದರು.

ಅವರು ಹೊರಟ ಕೆಲವು ವಾರಗಳ ಮೇಲೆ, ಮಂಗಳೂರಿನಿಂದ ಬಂದ ಒಬ್ಬರು ನನಗೊಂದು ಕ್ಯಾಸೆಟ್ಟು ತಂದುಕೊಟ್ಟರು. ನಾನೂ ನನ್ನ ಪತ್ನಿಯೂ ಅದನ್ನು ಮನೆಯಲ್ಲಿ ಹಾಕಿ ಕೇಳಿದೆವು. ಮೊದಲು ಬರೀ ಗಾಳಿ. ಅನಂತರ ಗಂಟಲು ಸರಿಪಡಿಸಿಕೊಂಡ ಸದ್ದು. ಅವರು ತಲೆ ಬಾಚಿಕೊಂಡಿದ್ದರೆಂದು ಸ್ವರದಲ್ಲಿಯೇ ಗೊತ್ತಾಗುತ್ತಿತ್ತು.

"ಮಾರಾಯ್ರೆ, ನಾನೀಗ ಕೋಟೆಯ ಕಿಟಕಿಯಲ್ಲಿ ಕೂತಿದ್ದೇನೆ. ಕಲ್ಲು ಕಪ್ಪೇ ಉಂಟು. ಗೋಡೆ ಎಷ್ಟು ದಪ್ಪ ಅಂದ್ರೆ, ನಮ್ಮ ಆಫೀಸಿನ ರೂಮು ಅದರ ಒಳಗೆ ಹಿಡಿಸ್ತದೆ. ಒಳಗೆ ಒಂದು ದೊಡ್ಡ ಕೋಣೆ. ಕಟ್ಟಿದವರು ಅಲ್ಲಿ ಅವರ ಪ್ರಾರ್ಥನೆ ಮಾಡಿದ್ರಂತೆ, ಮತ್ತೆ ಬಂದವರು ಅಲ್ಲೇ ನಮಾಜು ಮಾಡಿದ್ರಂತೆ. ತಂಪುಂಟು. ಇಲ್ಲಿಂದ ಮೆಟ್ಟಿಲು ಇಳಿದ್ರೆ ಸಮುದ್ರ..."

ಹಿಂದಿನಿಂದ ಅಕ್ಕನ ದನಿ. "ಇಲ್ಲ, ಇಲ್ಲ. ಮೆಟ್ಟಿಲು ಸಮುದ್ರಕ್ಕೆ ಹೋಗುದಿಲ್ಲ. ಸಮುದ್ರ ಕೆಳಗೆ ದೂರ ಉಂಟು. ನಡುವೆ ತರಕಾರಿ ಬೆಳೆಸುವ ಪ್ಲಾಸ್ಟಿಕ್ಕಿನ ಮನೆ ಉಂಟು. ಸರಿ ಹೇಳಿ."

"ಸಮುದ್ರ ದೂರ ಉಂಟು," ಎಂದು ಸಾಹೇಬರು ಒಪ್ಪಿದರು. "ಆಡು?"

"ಆಡು ಉಂಟು."

"ಕೇಳಿದ್ರಾ ಮಾರಾಯ್ರೆ? ಆಡು ಪಾಸಾಯ್ತು."

ಆಮೇಲೆ ಇಬ್ಬರೂ ನಕ್ಕರು. ನಗು ಮುಗಿದ ಮೇಲೂ ಟೇಪು ನಿಲ್ಲಿಸಲು ಮರೆತಿದ್ದರು. ಆ ಬದಿ ಮುಗಿಯುವವರೆಗೂ ಗಾಳಿ ಬೀಸುತ್ತಿತ್ತು.

ಸಾಹೇಬರು ಊರಿನಲ್ಲಿ ಕೆಲವೇ ವರ್ಷ ಬಾಳಿದರು. ಒಂದು ಬೆಳಿಗ್ಗೆ ಏಲಕ್ಕಿ ಹಾಕಿದ ಚಹಾ ಕುಡಿದು, ಜಗಲಿಯ ಕುರ್ಚಿಯಲ್ಲಿ ಕುಳಿತಲ್ಲಿಯೇ ತೀರಿಕೊಂಡರೆಂಬ ಸುದ್ದಿ ನನಗೆ ದೋಹಾದಲ್ಲಿ ತಲುಪಿತು. ನಾನೂ ಕೆಲಸ ಖಲಾಸ್ ಮಾಡಿ ಮೈಸೂರಿಗೆ ಮರಳಿದ ಮೇಲೆ, ಪತ್ನಿಸಮೇತನಾಗಿ ಉಳ್ಳಾಲಕ್ಕೆ ಹೋಗಿ ಅಕ್ಕನನ್ನು ಕಂಡೆ. ನಿವೃತ್ತರಾದಾಗ ಸಾಹೇಬರು ಹೊತ್ತು ತಂದಿದ್ದ ಕ್ಯಾಸೆಟ್ಟುಗಳೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿ ಭದ್ರವಾಗಿದ್ದವು. ಒಂದನ್ನೂ ಅವರು ಅಳಿಸಿರಲಿಲ್ಲ. ಕೇಳುತ್ತೀರಾ ಎಂದು ನಾನು ಕೇಳಿದೆ.

"ಕೋಟೆಯದ್ದೇ ಹೆಚ್ಚು ಕೇಳುದು," ಎಂದು ಅವರು ಒಂದನ್ನು ಹಾಕಿದರು. ಬ್ಯಾರಿ ಭಾಷೆಯಲ್ಲಿ ಸಾಹೇಬರ ಹಳೆಯ ದನಿ, ನಾನು ಮೇಜಿನಾಚೆ ಕುಳಿತು ಕೇಳುತ್ತಿದ್ದ ಅದೇ ದನಿ, ಕೋಣೆಯಲ್ಲಿ ತುಂಬಿತು. ಸ್ವಲ್ಪ ಹೊತ್ತಿಗೆ ಅಕ್ಕ ಟೇಪಿನ ಕಡೆ ತಿರುಗಿ, ಎದುರಿಗಿದ್ದವರಿಗೆ ಹೇಳುವಂತೆ, ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಅಂದರು. ನಾವು ನೋಡಿದ್ದನ್ನು ಕಂಡು, "ಮೆಟ್ಟಿಲು ಅಂದ್ರು ಪುನಃ. ಇಲ್ಲ ಅಂತ ಹೇಳಿದೆ," ಎಂದು ವಿವರಿಸಿದರು.

"ಟೇಪ್ ನಿಲ್ಲಿಸ್ಲಾ ಅಕ್ಕಾ?" ಎಂದಳು ನನ್ನ ಪತ್ನಿ.

"ಬೇಡ, ಬೇಡ. ಅವರು ಮಾತಾಡ್ತಾ ಇರ್ಲಿ. ನಾನು ಸರಿ ಮಾಡ್ತಾ ಇರ್ತೇನೆ."

ಮಾನ್ಯರೇ, ನನ್ನ ಪತ್ನಿ ನನ್ನೊಡನೆ ದೋಹಾದಲ್ಲಿ ಬಾಳಿದ್ದು ಸಾಹೇಬರು ಕಸದ ಬುಟ್ಟಿಗೆ ಹಾಕಿದ ಒಂದು ಅರ್ಜಿಯಿಂದ. ನಾನು ಬರೆಯಬಲ್ಲ ಒಂದೇ ರೀತಿಯ ಬರವಣಿಗೆಯೂ ಅವರದೇ ಕೊಡುಗೆ. ಅವರು ಕಲಿಸಿದಂತೆ ಈ ಬರಹದಲ್ಲಿಯೂ ಬೇಡಿಕೆ ಒಂದೇ ಇದೆ, ಉಳಿದದ್ದೆಲ್ಲ ಅವರಿ‌ಗೆ ಸಲಾಮು. ಇದರಲ್ಲಿ ಅನೇಕ ತಪ್ಪುಗಳು ಉಳಿದಿರುತ್ತವೆ. ದಯವಿಟ್ಟು ಓದುವುದನ್ನು ನಿಲ್ಲಿಸದೆ, ಅಲ್ಲಲ್ಲಿಯೇ ತಿದ್ದಿಕೊಳ್ಳುತ್ತ ಹೋಗಬೇಕಾಗಿ ವಿನಂತಿ.